ಬಡಾವಣೆಗೊಂದು ಸುದ್ದಿ ಹಾಳೆ: ತಿಂಗಳಿಗೊಮ್ಮೆ ತರುವ ಬಗೆ

ವಾಟ್ಸಾಪ್ ಗುಂಪು ಇರುವಾಗ ಕಾಗದ ಯಾಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೆಳಗ್ಗೆ ಬಂದ ನೀರಿನ ಸುದ್ದಿ ಮಧ್ಯಾಹ್ನದೊಳಗೆ ಹುಟ್ಟುಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗಿರುತ್ತದೆ. ಹೊಸದಾಗಿ ಬಾಡಿಗೆಗೆ ಬಂದವರೂ ವಯಸ್ಸಾದವರೂ ಎಷ್ಟೋ ಸಲ ಗುಂಪಿನಲ್ಲೇ ಇರುವುದಿಲ್ಲ. ಬೆಂಗಳೂರಿನ ಇನ್ನೂರು ಮನೆಯ ಬಡಾವಣೆಗೆ ತಿಂಗಳಿಗೆ ಒಂದು ಎ4 ಹಾಳೆ ಸಾಕು. ನಡುವೆ ಮಡಚಿದರೆ ನಾಲ್ಕು ಪುಟ, ಸುಮಾರು 700 ಪದ ಹಿಡಿಸುತ್ತದೆ. ಸಂಪಾದಕರು ಒಬ್ಬರೇ ಇರಲಿ. ಸುದ್ದಿ ತಂದುಕೊಡಲು ಪ್ರತಿ ಅಡ್ಡರಸ್ತೆಗೆ ಒಬ್ಬರನ್ನು ಗೊತ್ತುಮಾಡಿ, 20ನೇ ತಾರೀಖಿನ ನಂತರ ಬಂದದ್ದನ್ನು ಮುಂದಿನ ಸಂಚಿಕೆಗೆ ಎತ್ತಿಡಿ.

ಹಾಳೆಯ ಜೀವ ಇರುವುದು ದೂರಿನ ಸುದ್ದಿಯಲ್ಲಿ. ‘ನಾಲ್ಕನೇ ಅಡ್ಡರಸ್ತೆಯಲ್ಲಿ ಚರಂಡಿ ಸಮಸ್ಯೆ, ಅಧಿಕಾರಿಗಳು ಗಮನ ಹರಿಸುತ್ತಿಲ್ಲ’ ಎಂದು ಬರೆದರೆ ಯಾರಿಗೂ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: ‘4ನೇ ಅಡ್ಡರಸ್ತೆ, ಹಾಲಿನ ಬೂತ್ ಎದುರು, ಮ್ಯಾನ್‌ಹೋಲ್ ಉಕ್ಕುತ್ತಿದೆ. 6ನೇ ತಾರೀಖು ಜಲಮಂಡಳಿಯ 1916ಕ್ಕೆ ದೂರು ಹೋಗಿದೆ, ದೂರಿನ ಸಂಖ್ಯೆ ಇದು. 9ಕ್ಕೆ ಯಂತ್ರ ತಂದು ಸ್ವಚ್ಛ ಮಾಡಿದರು. 15ಕ್ಕೆ ಮತ್ತೆ ಉಕ್ಕಿದೆ.’ ಜಾಗದ ಗುರುತು, ತಾರೀಖು, ಯಾವ ಇಲಾಖೆ, ದೂರಿನ ಸಂಖ್ಯೆ, ಈಗಿನ ಸ್ಥಿತಿ, ಈ ಐದರಲ್ಲಿ ಒಂದು ತಪ್ಪಿದರೂ ಸುದ್ದಿ ವಾಪಸ್ ಕಳಿಸಿ. ಒಂಬತ್ತನೇ ತಾರೀಖಿನ ಆ ಸಾಲನ್ನು ಬಿಡಬೇಡಿ. ಕೆಲಸ ಮಾಡಿಹೋದವರ ಶ್ರಮ ದಾಖಲಾಗುತ್ತದೆ, ಆರು ದಿನದಲ್ಲೇ ಮತ್ತೆ ಉಕ್ಕಿದರೆ ದೋಷ ಪೈಪಿನಲ್ಲೇ ಇರಬಹುದು ಎಂಬ ವಾದಕ್ಕೂ ಬಲ ಬರುತ್ತದೆ.

ಬೆಂಗಳೂರಿನಲ್ಲಿ ಎಷ್ಟೋ ದೂರು ಸಾಯುವುದು ತಪ್ಪು ಬಾಗಿಲು ತಟ್ಟಿದ್ದಕ್ಕೆ. ಶೌಚದ ನೀರು ಹೋಗುವ ಒಳಚರಂಡಿ ಜಲಮಂಡಳಿಯದು, ರಸ್ತೆ ಪಕ್ಕದ ಮಳೆನೀರು ಚರಂಡಿ ಪಾಲಿಕೆಯದು. ಮಳೆಗಾಲದಲ್ಲಿ ಎರಡೂ ಒಂದರೊಳಗೊಂದು ಸೇರಿ ಹರಿಯುವುದರಿಂದ ಮೂಗಿನಿಂದ ಪತ್ತೆಹಚ್ಚಲಾಗದು. ಮಳೆ ನಿಂತು ಒಂದು ದಿನ ಬಿಟ್ಟು ನೋಡಿ, ಆಗಲೂ ಉಕ್ಕುತ್ತಿದ್ದರೆ ಹೆಚ್ಚಾಗಿ ಒಳಚರಂಡಿಯೇ. ಬೀದಿದೀಪ ಉರಿಯದಿದ್ದರೆ ಪಾಲಿಕೆಯ 1533, ತಂತಿ ಜೋತುಬಿದ್ದರೆ ವಿದ್ಯುತ್ ಕಂಪನಿ ಬೆಸ್ಕಾಂನ 1912. ಒಣಗಿದ ಕೊಂಬೆ ಪಾಲಿಕೆಯ ಅರಣ್ಯ ವಿಭಾಗಕ್ಕೆ, ಅದೇ ಕೊಂಬೆ ತಂತಿಗೆ ತಾಗಿದ್ದರೆ ಮೊದಲು ಬೆಸ್ಕಾಂಗೆ. ತಪ್ಪು ಜಾಗಕ್ಕೆ ಹೋದ ದೂರನ್ನು ‘ನಮಗೆ ಸಂಬಂಧಿಸಿದ್ದಲ್ಲ’ ಎಂದು ಮುಚ್ಚಿಬಿಟ್ಟರೆ ಮೊಬೈಲಿಗೆ ‘ಪರಿಹಾರವಾಗಿದೆ’ ಎಂಬ ಸಂದೇಶ ಬಂದರೂ ಬರಬಹುದು. ಹಾಗಾಗಿ ಜಾಗಕ್ಕೆ ಹೋಗಿ ನೋಡದೆ ‘ಸರಿಹೋಗಿದೆ’ ಎಂದು ಅಚ್ಚು ಹಾಕಬೇಡಿ.

ವಾರ್ಡ್ ಸಂಖ್ಯೆಯಲ್ಲೂ ಎಡವುವವರು ಬಹಳ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಿವೆ, ವಾರ್ಡ್‌ಗಳನ್ನೂ ಹೊಸದಾಗಿ ಗುರುತಿಸಲಾಗಿದೆ. ಮನೆಯ ಹಳೆಯ ತೆರಿಗೆ ರಸೀದಿಯಲ್ಲಿರುವುದು 198 ವಾರ್ಡ್‌ಗಳ ಕಾಲದ ಸಂಖ್ಯೆ. ಹಾಳೆಯ ತಲೆಬರಹದ ಕೆಳಗೆ ಪಾಲಿಕೆಯ ಹೆಸರು, ಹೊಸ ವಾರ್ಡ್, ಹಳೆಯ ವಾರ್ಡ್ ಮೂರನ್ನೂ ಪ್ರತಿ ತಿಂಗಳು ಹಾಕಿ.

ವಾರ್ಡ್ ಸಮಿತಿ ಸಭೆಯ ವರದಿ ಆರು ಸಾಲು ದಾಟದಿರಲಿ: ಯಾವ ಅಧಿಕಾರಿಗಳು ಬಂದಿದ್ದರು, ಏನು ಒಪ್ಪಿಕೊಂಡರು, ಯಾವ ತಾರೀಖಿನೊಳಗೆ. ಭಾಷಣ ಬೇಡ, ಹಾರ ತುರಾಯಿ ಬೇಡ. ಇಂಗ್ಲೆಂಡಿನ ಹಳ್ಳಿಗಳ ಪ್ಯಾರಿಷ್ ಕೌನ್ಸಿಲ್ (ನಮ್ಮ ಗ್ರಾಮ ಪಂಚಾಯಿತಿಯಂಥದ್ದು) ತನ್ನ ಸಭೆಗೆ ಮೂರು ಪೂರ್ತಿ ದಿನ ಮೊದಲೇ ನೋಟಿಸ್ ಅಂಟಿಸಬೇಕೆಂದು ಅಲ್ಲಿನ 1972ರ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಹಿಂದಿನ ರಾತ್ರಿ ಸಂದೇಶ ಬಂದರೆ ಪುಣ್ಯ. ಅದಕ್ಕೇ ಪ್ರತಿ ತಿಂಗಳು ವಾರ್ಡ್ ಕಚೇರಿಗೆ ನೀವೇ ಹೋಗಿ ಕೇಳಿ ದಿನಾಂಕ ಬರೆದುಕೊಂಡು ಬನ್ನಿ.

ಹೊಸ ಡಾಂಬರು ಕಿತ್ತುಬಂದರೆ ಫೋಟೋ ಹಾಕಿ ಬೈದು ಸುಮ್ಮನಾಗಬೇಡಿ. ಕಾಮಗಾರಿಯ ಜಾಬ್ ಕೋಡ್ (ಆ ಕೆಲಸಕ್ಕೆ ಪಾಲಿಕೆ ಕೊಟ್ಟ ಸಂಖ್ಯೆ), ಗುತ್ತಿಗೆದಾರರೇ ರಿಪೇರಿ ಮಾಡಿಕೊಡಬೇಕಾದ ಅವಧಿ, ಈ ಎರಡನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ರಸ್ತೆಯ ಜೊತೆ ಪಾರ್ಕನ್ನೂ ಸೇರಿಸಿದರೆ ಮೊದಲ ವಿಷಯಕ್ಕಷ್ಟೇ ಉತ್ತರ ಕೊಟ್ಟು, ಇನ್ನೊಂದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ಅವಧಿ ಇನ್ನೂ ಮುಗಿದಿಲ್ಲ ಎಂಬ ಉತ್ತರ ಕೈಗೆ ಬಂದರೆ ಮೊದಲ ಪುಟದ ಸುದ್ದಿ ಅದೇ.

ಇನ್ನು ಅಚ್ಚು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ವಾಟ್ಸಾಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ, ಆದ್ದರಿಂದ ಮೊದಲಿನಿಂದಲೂ ಎಲ್ಲ ಫೋನು, ಕಂಪ್ಯೂಟರುಗಳೂ ಓದಬಲ್ಲ ಯೂನಿಕೋಡ್ ಬಳಸಿ. ನೋಟೋ ಸಾನ್ಸ್ ಕನ್ನಡ ಎಂಬ ಫಾಂಟ್ ಚೆನ್ನಾಗಿದೆ, ಉಚಿತ. ಅಕ್ಷರ 12 ಪಾಯಿಂಟ್ ಇರಲಿ. ಸಾಲಿನ ಅಂತರ ಬಿಗಿ ಮಾಡಿದರೆ ‘ರಾಷ್ಟ್ರ’ದ ಒತ್ತಕ್ಷರಗಳು ಕೆಳಗಿನ ಸಾಲಿನ ‘ಕಿ’ಯ ತಲೆಗೆ ತಾಗುತ್ತವೆ, ಒಂದೂಕಾಲು ಪಟ್ಟಾದರೂ ಕೊಡಿ. ಜೆರಾಕ್ಸ್ ಅಂಗಡಿಗೆ ವರ್ಡ್ ಫೈಲ್ ಕೊಡಲೇಬೇಡಿ. ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಬೇರೆ ಫಾಂಟ್ ಬಂದು ಕೂತು ಪುಟಗಳು ಜರುಗುತ್ತವೆ, ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದರೂ ಬಂತು. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕೊಡಿ. ಹಾಳೆಯನ್ನು ಅಡ್ಡಲಾಗಿಟ್ಟು ಒಂದು ಬದಿಗೆ ಎಡದಲ್ಲಿ 4ನೇ ಪುಟ, ಬಲದಲ್ಲಿ 1ನೇ ಪುಟ. ಇನ್ನೊಂದು ಬದಿಗೆ 2 ಮತ್ತು 3. ಮುದ್ರಿಸುವಾಗ ಗಿಡ್ಡ ಅಂಚಿನ ಕಡೆಗೆ ತಿರುಗಿಸಲು ಹೇಳಿ. ಉದ್ದ ಅಂಚಿಗೆ ತಿರುಗಿಸಿದರೆ ಒಳಪುಟಗಳು ತಲೆಕೆಳಗಾಗುತ್ತವೆ. ಮೊದಲು ಒಂದೇ ಪ್ರತಿ ತೆಗೆಸಿ, ಮಡಚಿ, ಫೋನ್ ನಂಬರುಗಳನ್ನು ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಿ, ಆಮೇಲೆ ಉಳಿದದ್ದು. ಪ್ರತಿ ಮುನ್ನೂರು ದಾಟಿದರೆ ರೈಸೋ ಮುದ್ರಣದ (ಒಂದೇ ಹಾಳೆಯ ನೂರಾರು ಪ್ರತಿ ತೆಗೆಯುವ ಯಂತ್ರ) ದರವನ್ನೂ ಕೇಳಿ.

ವಿದ್ಯುತ್ ಕಡಿತದ ಸುದ್ದಿಯನ್ನು ತಿಂಗಳ ಹಾಳೆಯಲ್ಲಿ ಹಾಕಿ ಪ್ರಯೋಜನವಿಲ್ಲ, ತಲುಪುವಷ್ಟರಲ್ಲಿ ಕರೆಂಟು ಹೋಗಿ ಬಂದಿರುತ್ತದೆ. ಅದು ಗುಂಪಿಗೇ ಸರಿ. ಕಸ ಬೇರ್ಪಡಿಸದವರ ಹೆಸರು, ಮನೆ ನಂಬರು ಬೇಡವೇ ಬೇಡ. ಜಗಳ ಹಾಳೆಯ ಮೇಲೆ ತಿರುಗುತ್ತದೆ, ಕಸ ಅಲ್ಲೇ ಇರುತ್ತದೆ.

ಹಂಚುವುದು ತಿಂಗಳ ಮೊದಲ ಭಾನುವಾರ ಬೆಳಗ್ಗೆ, ಗೇಟಿನ ಸಂದಿಗೆ ಸಿಕ್ಕಿಸದೆ ಕೈಗೇ. ಹತ್ತು ಪ್ರತಿ ಹಾಲಿನ ಬೂತ್, ಇಸ್ತ್ರಿ ಅಂಗಡಿ, ಪಿಜಿಗಳಿಗೆ ಇರಲಿ. ವಿದ್ಯುತ್ ಕಂಬ, ಮರ, ಕಾಂಪೌಂಡಿಗೆ ಅಂಟಿಸಬೇಡಿ. ತೆರೆದ ಸ್ಥಳಗಳ ವಿರೂಪ ತಡೆಯುವ 1981ರ ಕಾಯ್ದೆ ಇದೆ. ಪಾಲಿಕೆಗೆ ನಿಯಮ ಹೇಳುವ ಹಾಳೆಗೇ ದಂಡ ಬಿದ್ದರೆ ನಗೆಪಾಟಲು. ಸಂಘದ ಕಚೇರಿಯ ಹೊರಗೆ ಗಾಜಿನ ಬೋರ್ಡ್ ಇದ್ದರೆ ಅಲ್ಲಿ ಒಂದು ಪ್ರತಿ, ಕಡತದಲ್ಲಿ ಎರಡು. ಪಾಲಿಕೆಯ ಎಂಜಿನಿಯರ್ ಕಚೇರಿಗೆ ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.