ಮುಂಗಡ ಕೊಡದೆ ಕಟ್ಟಿಸಿದ ಮನೆ: ಮೇಸ್ತ್ರಿಯೊಂದಿಗಿನ ಲೆಕ್ಕದ ನನ್ನ ಅನುಭವ

ಮೇಸ್ತ್ರಿಗೆ ಮುಂಗಡ ಕೊಡದೆ ಹಾಸನದಲ್ಲಿ ಮನೆ ಕಟ್ಟಿಸಲಾಗದು ಎಂದು ನನಗೆ ಹೇಳದವರಿಲ್ಲ. ನಕ್ಷೆ ಬರೆದುಕೊಟ್ಟ ಎಂಜಿನಿಯರರು ನಕ್ಕು ಸುಮ್ಮನಾದರು. ಸರ್ಕಾರಿ ಗುತ್ತಿಗೆಗಳಲ್ಲೇ ಕೂದಲು ಹಣ್ಣಾದ ನನ್ನ ಭಾವನವರು, “ಗುದ್ದಲಿ ಪೂಜೆಗೆ ಪುರೋಹಿತರು ಬರುತ್ತಾರೆ, ಮರುದಿನ ಯಾರೂ ಬರುವುದಿಲ್ಲ, ನೋಡುತ್ತಿರು” ಎಂದರು. ಸಾಲಗಾಮೆ ರಸ್ತೆಯ ಕಡೆ ಮೂವತ್ತು–ನಲವತ್ತರ ನಿವೇಶನದಲ್ಲಿ ಕೆಳಗೆ 9 ಚದರ (ಚದರವೆಂದರೆ ನೂರು ಚದರಡಿ), ಮೇಲೆ 4 ಚದರದ ಆ ಮನೆ ಮುಗಿದು ಈಗ ಒಂದು ಮಳೆಗಾಲವನ್ನೂ ಕಂಡಿದೆ. ಗಾರೆ ಕೆಲಸದ ಲೆಕ್ಕದಲ್ಲಿ ಒಂದು ರೂಪಾಯಿಯೂ ಮುಂಗಡವಾಗಿ ಹೋಗಿಲ್ಲ.

ಸಾಮಗ್ರಿ ನನ್ನದು, ಲೇಬರ್ ಮೇಸ್ತ್ರಿಯದು. ಚದರಕ್ಕೆ 28 ಸಾವಿರದ ಆಸುಪಾಸಿನಲ್ಲಿ ಮಾತಾಗಿತ್ತು, ಒಟ್ಟು ಮೂರೂವರೆ ಲಕ್ಷದ ಮೇಲೆ ಸ್ವಲ್ಪ. ವಾಡಿಕೆಯಂತೆ ನಡೆದಿದ್ದರೆ ಕೆಲಸ ಹಿಡಿಯುವಾಗ 50 ಸಾವಿರ, ಆಮೇಲೆ ಪಾಯ, ಲಿಂಟಲ್ (ಬಾಗಿಲು-ಕಿಟಕಿಗಳ ಮೇಲಿನ ತೊಲೆ), ಮೌಲ್ಡ್ (ತಾರಸಿಯ ಕಾಂಕ್ರೀಟು), ಪ್ಲಾಸ್ಟರಿಂಗ್ ಎಂದು ಐದಾರು ದೊಡ್ಡ ಕಂತುಗಳಾಗುತ್ತಿದ್ದವು. ಹೀಗೆ ಕೊಟ್ಟಾಗ ಯಾವ ಹೊತ್ತಿಗೆ ನೋಡಿದರೂ ಒಬ್ಬರ ದೊಡ್ಡ ಮೊತ್ತ ಇನ್ನೊಬ್ಬರ ಕೈಯಲ್ಲಿರುತ್ತದೆ, ಮತ್ತು ಮಾಡಿದ ಕೆಲಸಕ್ಕಿಂತ ಹೆಚ್ಚು ಹಣ ಎತ್ತಿಕೊಂಡ ಮೇಸ್ತ್ರಿಯು ಲಿಂಟಲ್ ಮಟ್ಟಕ್ಕೆ ಬರುವಷ್ಟರಲ್ಲಿ ಬೇರೆ ಸೈಟಿನ ಮುಂಗಡ ಹಿಡಿದು ಅಲ್ಲಿ ಪಾಯ ತೆಗೆಸುತ್ತಿರುತ್ತಾನೆ. ನಾನು ಇಡೀ ಕೆಲಸವನ್ನು ಮೂವತ್ತರಷ್ಟು ಚಿಕ್ಕ ತುಂಡುಗಳಾಗಿ ಒಡೆದು, ಒಂದೊಂದಕ್ಕೂ ದರ ಬರೆದು, ತುಂಡು ಮುಗಿದ ಗಳಿಗೆಯಲ್ಲೇ ನೂರಕ್ಕೆ ತೊಂಬತ್ತನ್ನು ಕೊಟ್ಟು ಹತ್ತನ್ನು ಹಿಡಿದುಕೊಳ್ಳುವುದೆಂದು ನಿಶ್ಚಯಿಸಿದೆ.

ಈ ಪಟ್ಟಿಯನ್ನು ನೋಡಿ ಇಬ್ಬರು ಮೇಸ್ತ್ರಿಗಳು ಎದ್ದು ಹೋದರು. ಮೂರನೆಯವರು ಪೂರ್ತಿ ಓದಿಸಿ ಕೇಳಿ, “ಸಾರ್, ಶನಿವಾರ ಹುಡುಗರಿಗೆ ಬಟವಾಡೆ ಆಗ್ಬೇಕು, ತುಂಡು ಮುಗೀದಿದ್ರೆ ಏನ್ ಮಾಡ್ಲಿ? ಆಮೇಲೆ ನೀವು ಹಿಡ್ಕಳೋ ದುಡ್ಡು ಯಾವತ್ತು ಬಿಡ್ತೀರಿ, ಬರ್ದು ಕೊಡಿ” ಎಂದರು. ಎರಡು ಮನೆಗಳಲ್ಲಿ ಅವರ ಕೊನೆಯ ಬಿಲ್ಲನ್ನು ಮಾಲೀಕರು ಗೃಹಪ್ರವೇಶದ ನಂತರ ಕೊಟ್ಟೇ ಇರಲಿಲ್ಲವಂತೆ. ಮೇಸ್ತ್ರಿಗಳು ಮೋಸ ಮಾಡುತ್ತಾರೆಂದು ನಾವು ಮಾತನಾಡಿಕೊಳ್ಳುವಷ್ಟೇ ಜೋರಾಗಿ ಅವರೂ ನಮ್ಮ ಬಗ್ಗೆ ಮಾತನಾಡಿಕೊಳ್ಳುತ್ತಾರೆ, ಮತ್ತು ಅದರಲ್ಲಿ ಸುಳ್ಳು ಕಡಿಮೆ. ಹಿಡಿದ ಹಣದಲ್ಲಿ ಅರ್ಧವನ್ನು ಮೇಲಿನ ಮೌಲ್ಡಿನ ಮೇಲೆ ನೀರು ನಿಲ್ಲಿಸಿ ಸೋರಿಕೆಯಿಲ್ಲವೆಂದು ಕಂಡ ದಿನ, ಉಳಿದರ್ಧವನ್ನು ಮೊದಲ ಮುಂಗಾರು ಕಳೆದ ಮೇಲೆ ಆಗಸ್ಟ್ ಕೊನೆಗೆ ಕೊಡುವುದೆಂದು ಛಾಪಾ ಕಾಗದದ ಮೇಲೆ ಬರೆದುಕೊಟ್ಟೆ.

ಬಟವಾಡೆಯ ಲೆಕ್ಕ ಹೇಗಿತ್ತೆಂಬುದಕ್ಕೆ ಒಂದು ಶನಿವಾರದ ಉದಾಹರಣೆ ಸಾಕು. ಕೆಳಮನೆಯ ಹಿಂಭಾಗದ ಗೋಡೆ ಲಿಂಟಲ್ ಮಟ್ಟಕ್ಕೆ ಬರುವ ತುಂಡಿಗೆ 14 ಸಾವಿರ ಇತ್ತು. ಗೋಡೆ ಎದ್ದಿತ್ತು, ಆದರೆ ಅಡುಗೆಮನೆಯ ಕಿಟಕಿಯ ಚೌಕಟ್ಟನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಹೋಲ್ಡ್‌ಫಾಸ್ಟ್ ಸುತ್ತ ಕಾಂಕ್ರೀಟು ತುಂಬಿರಲಿಲ್ಲ, ಇಟ್ಟಿಗೆಯ ನಡುವೆ ಅಂಗೈಯಗಲದ ಸಂದು ಹಾಗೇ ಇತ್ತು. ಮೇಸ್ತ್ರಿ ಅದನ್ನು ‘ಮುಗಿದಂಗೇ ಲೆಕ್ಕ’ ಎಂದರು. ಸಿಮೆಂಟು ಚೀಲಗಳ ಮೇಲೆ ಲೆಕ್ಕದ ಉದ್ದ ಪುಸ್ತಕವನ್ನಿಟ್ಟು 10 ಸಾವಿರ ಎಂದು ಬರೆದು, ಆಳುಗಳ ಎದುರಿಗೇ ಎಣಿಸಿಕೊಟ್ಟೆ. ಸೋಮವಾರ ಬೆಳಿಗ್ಗೆ ಆ ಸಂದು ತುಂಬಿ ಹತ್ತು ನಿಮಿಷವಾಗಿರಲಿಲ್ಲ, ಅಲ್ಲೇ ನಿಂತು 2,600 ರೂಪಾಯಿಯನ್ನು ಫೋನ್‌ಪೇ ಮಾಡಿದೆ. ಉಳಿದ 1,400 ಹಿಡಿದ ಹಣದ ಪುಟಕ್ಕೆ ಹೋಯಿತು. ಹಿಡಿಯುವುದರಲ್ಲಿ ಎಲ್ಲರೂ ನಿಪುಣರೇ. ಕೆಲಸ ಮುಗಿದ ಕೂಡಲೇ, ಕೇಳುವುದಕ್ಕೆ ಮೊದಲೇ ಕೊಡುವುದರಲ್ಲಿ ಈ ಪದ್ಧತಿಯ ಜೀವವಿದೆ, ಮತ್ತು ಅದಕ್ಕಾಗಿ ಖಾತೆಯಲ್ಲಿ ಯಾವಾಗಲೂ 40 ಸಾವಿರದಷ್ಟು ಸಿದ್ಧವಾಗಿರಬೇಕು. ಬ್ಯಾಂಕಿನ ಸಾಲವು ಹಂತ ಮುಗಿದ ಮೇಲಷ್ಟೇ ಬಿಡುಗಡೆಯಾಗುವುದರಿಂದ ಈ ಮೊತ್ತವನ್ನು ನಾನು ಬೇರೆಯಾಗಿಯೇ ಎತ್ತಿಟ್ಟಿದ್ದೆ.

ನಿಜವಾದ ಪರೀಕ್ಷೆ ಆಲೂಗೆಡ್ಡೆ ಬಿತ್ತನೆಯಲ್ಲಿ ಬಂತು. ಮೇ ತಿಂಗಳಲ್ಲಿ ಹದ ಮಳೆ ಬಿದ್ದರೆ ನಮ್ಮ ಕಡೆಯ ಆಳುಗಳು ಊರು ಸೇರುತ್ತಾರೆ, ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಫಿ ಹಣ್ಣು ಕೊಯ್ಲಿಗೆ ಹೋಗುತ್ತಾರೆ. ಇದನ್ನು ತಡೆಯಲು ಯಾರಿಂದಲೂ ಆಗದು. ನನ್ನ ಎಡಭಾಗದ ಸೈಟಿನಲ್ಲಿ ಮುಂಗಡ ಪಡೆದ ಮೇಸ್ತ್ರಿಯ ತಂಡ ಬಿತ್ತನೆಗೆಂದು ಹೋದದ್ದು ಗೌರಿ ಹಬ್ಬದವರೆಗೂ ತಿರುಗಿ ನೋಡಲಿಲ್ಲ. ನನ್ನವರು ಬಿತ್ತನೆ ಮುಗಿಸಿ ಎರಡು ವಾರದೊಳಗೆ ಬಂದರು, ಏಕೆಂದರೆ ಅವರ ಹಣ ನನ್ನಲ್ಲಿತ್ತು, ನನ್ನ ಹಣ ಅವರಲ್ಲಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ನನ್ನ ಪುಸ್ತಕದಲ್ಲಿ ಹಾಜರಿಯೂ ಇದ್ದುದರಿಂದ, ನನ್ನಲ್ಲಿ ದಿನ ತುಂಬಿದವರಿಗೆಲ್ಲ ಸಹಿ ಹಾಕಿಕೊಡುತ್ತೇನೆಂದು ಮೊದಲೇ ಹೇಳಿದ್ದೆ. ಅದಕ್ಕೆ ಕಾಸು ಖರ್ಚಿಲ್ಲ.

ಮೌಲ್ಡಿನ ದಿನದ ಲೆಕ್ಕ ಬೇರೆ. ಆ ತಂಡ ಸಂಜೆಗೆ ಕೈಗೆ ಹಣ ಬಯಸುತ್ತದೆ, ಕೊಟ್ಟುಬಿಡಬೇಕು. ತೊಲೆಗಳೂ ಸೇರಿ 110 ಚೀಲದ ಹತ್ತಿರ ಸಿಮೆಂಟು ಹೋಯಿತು. ಪಾತಿ ಕಟ್ಟಿ ನೀರು ನಿಲ್ಲಿಸುವ ಕೆಲಸವನ್ನು ಮೇಸ್ತ್ರಿಯ ಗುತ್ತಿಗೆಗೆ ಸೇರಿಸದೆ, ದಿನಕ್ಕೆ 150 ರೂಪಾಯಿಯಂತೆ ಪಕ್ಕದ ಮನೆಯ ಅಜ್ಜನಿಗೆ ವಹಿಸಿದ್ದೆ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಹತ್ತು ದಿನ ಕನಿಷ್ಠ. ನಾನು ಎರಡು ವಾರ ಮಾಡಿಸಿದೆ.

ಈ ಪದ್ಧತಿ ಸೋತದ್ದು ಬಡಗಿಯ ಮುಂದೆ. ಮರಕ್ಕೆ ಮೊದಲೇ ಹಣ ಹೂಡಬೇಕಾದ್ದರಿಂದ ಆಚಾರ್ರಿಗೆ 60 ಸಾವಿರ ಕೊಡಲೇಬೇಕಾಯಿತು. ಚೇಗಿನ (ಗಟ್ಟಿ ತಿರುಳಿನ) ಹಲಸು ಎಂದು ತಂದದ್ದರಲ್ಲಿ ಅರ್ಧಕ್ಕೆ ಬಿಳಿ ಅಂಚಿತ್ತು, ಮರವೂ ಹಸಿಯಾಗಿತ್ತು. ಮಳೆಗಾಲದಲ್ಲಿ ಗಟ್ಟಿಯಾಗಿ ಕೂತ ಬಾಗಿಲುಗಳು ಫೆಬ್ರವರಿಯ ಬಿಸಿಲಿಗೆ ಬಿರಿದು, ಹಲಗೆಗಳ ನಡುವೆ ಒಂದು ರೂಪಾಯಿ ನಾಣ್ಯ ನಿಲ್ಲುವಷ್ಟು ಸಂದಾಯಿತು. ಬಿಳಿ ಅಂಚಿನಿಂದ ಹುಳುವಿನ ಹಿಟ್ಟು ಉದುರತೊಡಗಿತು. ಆಚಾರ್ರು ಕರೆ ಸ್ವೀಕರಿಸುವುದನ್ನು ನಿಲ್ಲಿಸಿದರು. ನಷ್ಟ 25 ಸಾವಿರಕ್ಕೆ ಕಡಿಮೆಯಿಲ್ಲ. ಮೇಲ್ಮನೆಯ ಬಾಗಿಲುಗಳಿಗೆ ನಾನೇ ಸಾಮಿಲ್ಲಿಗೆ ಹೋಗಿ ಘನ ಅಡಿಯ ಲೆಕ್ಕದಲ್ಲಿ ಮರ ಕೊಂಡು, ತುದಿಗಳಿಗೆ ಕೆಂಪು ಬಣ್ಣ ಬಳಿದು ಗುರುತು ಮಾಡಿ, ನಡುನಡುವೆ ರೀಪು ಇಟ್ಟು ನೆರಳಿನಲ್ಲಿ ಬೇಸಿಗೆ ಪೂರ್ತಿ ಪೇರಿಸಿಟ್ಟೆ. ಹೊಸ ಬಡಗಿಗೆ ಬಾಗಿಲೊಂದಕ್ಕೆ ಇಷ್ಟು ಎಂದು ಕೂಲಿ ಮಾತ್ರ. ಅಲ್ಲಿಂದ ಮುಂದೆ ಬಡಗಿಯೂ ನನ್ನ ಪಟ್ಟಿಯೊಳಗೆ ಬಂದರು.

ಒಂದು ಪ್ರಯೋಗವನ್ನೂ ಮಾಡಿದೆ. ಒಂದು ಕೋಣೆಯ ಪ್ಲಾಸ್ಟರಿಂಗನ್ನು ದಿನಗೂಲಿಗೆ, ಅದೇ ಅಳತೆಯ ಇನ್ನೊಂದನ್ನು ಗುತ್ತಿಗೆಗೆ ಅದೇ ಗಾರೆಯವರಿಂದ ಮಾಡಿಸಿದೆ. ದಿನಗೂಲಿಯ ಕೋಣೆಯ ಮೂಲೆಗಳು ತೂಗುಗುಂಡಿಗೆ ಸರಿಯಾಗಿ ಬಂದವು, ಖರ್ಚು ಒಂದೂವರೆ ಪಟ್ಟು ಮೀರಿತು. ದೇವರ ಮನೆ ಮತ್ತು ಅಡುಗೆಮನೆಯನ್ನು ದಿನಗೂಲಿಗೂ, ಉಳಿದುದನ್ನು ಗುತ್ತಿಗೆಗೂ ಬಿಟ್ಟೆ.

ಟೈಲ್ಸ್‌ನವರಿಗೆ ಹಣ ಕೊಡುವ ಮೊದಲು ಕಬ್ಬಿಣದ ಚೂರಿನಿಂದ ಪ್ರತಿಯೊಂದು ಟೈಲಿನ ನಾಲ್ಕು ಮೂಲೆ ತಟ್ಟಿ, ಟೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿದೆ. ಗುರುತಿದ್ದವನ್ನು ಅವರು ಗೊಣಗುತ್ತಲೇ ಕಿತ್ತು ಮತ್ತೆ ಕೂರಿಸಿದರು. ವಿದ್ಯುತ್ ಕೆಲಸದವರ ಪಾಯಿಂಟ್ ಲೆಕ್ಕವನ್ನು ಹೇಗೆ ಪರಿಶೀಲಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅವರೂ ಓದುತ್ತಾರೆ. ಮೂವತ್ತು ತುಂಡುಗಳಿಗೆ ಹಣವನ್ನು ಯಾವ ಪ್ರಮಾಣದಲ್ಲಿ ಹಂಚಿದೆನೆಂಬುದೂ ನನ್ನಲ್ಲೇ ಇರಲಿ. ಮೊದಲ ತುಂಡುಗಳಿಗೆ ತುಸು ಧಾರಾಳವಾಗಿಯೂ ಕೊನೆಯವಕ್ಕೆ ಇನ್ನೂ ಧಾರಾಳವಾಗಿಯೂ ಇಟ್ಟಿದ್ದೆ ಎಂದಷ್ಟೇ ಹೇಳಬಲ್ಲೆ.

ಗಾರೆ ಲೇಬರ್ ಕೊನೆಗೆ ಮಾತಿಗಿಂತ 15–20 ಸಾವಿರ ಹೆಚ್ಚಾಯಿತು, ಅದೂ ನಾನೇ ಹೇಳಿ ಮಾಡಿಸಿದ ಸಂಪು ಮತ್ತು ಮೆಟ್ಟಿಲ ಬದಲಾವಣೆಗೆ. ಭಾವನವರು ಈಗ ತಮ್ಮ ಮಗಳ ಮನೆಗೆ ಇದೇ ಮೇಸ್ತ್ರಿಯನ್ನು ಕರೆದಿದ್ದಾರೆ. ಮೇಸ್ತ್ರಿ ಅಲ್ಲಿ ಮೊದಲು ಕೇಳಿದ್ದು ನನ್ನ ಆ ತುಂಡುಗಳ ಪಟ್ಟಿಯನ್ನೇ. ಬಣ್ಣದವರ ಬಾಕಿ ಮಾತ್ರ ಇನ್ನೂ 8 ಸಾವಿರ ನನ್ನಲ್ಲಿದೆ. ಹೊರಗೋಡೆಯ ಎರಡನೆಯ ಕೋಟನ್ನು ದೀಪಾವಳಿಯ ಹೊತ್ತಿಗೆ, ಹಾಸನಾಂಬೆಯ ಬಾಗಿಲು ಮುಚ್ಚಿದ ಮೇಲೆ ಬಂದು ಹೊಡೆಯುತ್ತೇವೆ ಎಂದಿದ್ದಾರೆ, ಆ ಸಂಜೆಯೇ ಅದೂ ಅವರಿಗೆ ಸೇರುತ್ತದೆ.