ಭಯಕ್ಕೊಂದು ಅಳತೆ ಪುಸ್ತಕ: ಸ್ಲೀವ್ ಆಪರೇಷನ್‌ಗೆ ಮುಂಚೆ ನಾನು ಮಾಡಿದ್ದು

ತೂಕ ಇಳಿಸೋಕೆ ಹೊಟ್ಟೆಯನ್ನು ಕತ್ತರಿಸಿ ಚಿಕ್ಕದು ಮಾಡೋ ಸ್ಲೀವ್ ಆಪರೇಷನ್‌ಗೆ ಮೊದಲ ಸಲ ಹೋದಾಗ ನನ್ನ ಬಿಪಿ ಮೇಲಿನದು 190ರ ಹತ್ತಿರ, ಕೆಳಗಿನದು 110ರ ಮೇಲೆ. ಮತ್ತೆ ಮತ್ತೆ ನೋಡಿದರು, ಇಳಿಯಲಿಲ್ಲ. ಅರಿವಳಿಕೆ ಡಾಕ್ಟರು ‘ಇವತ್ತು ಬೇಡಮ್ಮ’ ಅಂದು ವಾಪಸ್ ಕಳಿಸಿದರು. ಒಂದೂವರೆ ತಿಂಗಳಾದ ಮೇಲೆ ಅದೇ ಕಾರಿಡಾರಿನಲ್ಲಿ ನನ್ನ ಬಿಪಿ 130ರ ಆಸುಪಾಸು. ನಡುವೆ ಬಿಪಿ ಮಾತ್ರೆ ಸ್ವಲ್ಪ ಜಾಸ್ತಿ ಮಾಡಿದ್ದರು, ಅದನ್ನು ಮುಚ್ಚಿಡಲ್ಲ. ಆದರೆ ಮನೆಯಲ್ಲಿ ಮೊದಲೂ ಅದು 140 ದಾಟುತ್ತಿರಲಿಲ್ಲ. ಆಸ್ಪತ್ರೆ ವಾಸನೆ ಮೂಗಿಗೆ ಬಡಿದಾಗಲೇ ಏರುತ್ತಿತ್ತು. ಆ ಏರಿಕೆಯನ್ನು ಇಳಿಸಿದ್ದು ನನ್ನ ಪುಸ್ತಕ ಅಂತಲೇ ನನ್ನ ವಾದ.

ನಾನು ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವವಳು. ಆಗ 118 ಕಿಲೋ ಇದ್ದೆ, ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 48ರ ಹತ್ತಿರ. ಜೊತೆಗೆ ಶುಗರ್, ನಿದ್ದೆಯಲ್ಲಿ ಉಸಿರು ಕಟ್ಟೋ ಸ್ಲೀಪ್ ಆಪ್ನಿಯಾ. ಸ್ಲೀವ್ ಯಾಕೆ, ತೂಕ ಇಳಿಸೋ ಇನ್ನೊಂದು ಆಪರೇಷನ್ ಆದ ಹೊಟ್ಟೆಯ ಬೈಪಾಸ್ ಯಾಕಲ್ಲ ಅನ್ನೋದನ್ನೆಲ್ಲ ಇಲ್ಲಿ ಬರೆಯಲ್ಲ. ಆಪರೇಷನ್‌ಗೆ ಹೆಸರು ಬರೆಸಿದವರು ಅದನ್ನೆಲ್ಲ ನನಗಿಂತ ಚೆನ್ನಾಗಿ ತಿಳಿದಿರುತ್ತೀರಿ. ಇದು ದಿನಾಂಕ ಗೊತ್ತಾದ ಮೇಲೆ ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತೀವಲ್ಲ, ಅದರ ಬಗ್ಗೆ.

ವಾಪಸ್ ಬಂದ ಆ ಒಂದು ದಿನಕ್ಕೆ ಹತ್ತಿರ ಹತ್ತಿರ ಹದಿನೈದು ಸಾವಿರ ನೀರಲ್ಲಿ ಹೋಮ ಆಯ್ತು. ಬೆಂಗಳೂರಿಗೆ ಕಾರು ಬಾಡಿಗೆ, ಒಂದು ದಿನದ ರೂಮು, ಲಿವರ್ ಕುಗ್ಗಿಸೋಕೆ ಅಂತ ಎರಡು ವಾರ ಕುಡಿದ ಪ್ರೋಟೀನ್ ಪುಡಿ, ಮತ್ತೆ ಮಾಡಿಸಬೇಕಾದ ರಕ್ತ ಪರೀಕ್ಷೆ. ಅದೂ ಮದುವೆ ಸೀಸನ್ನಿನ ಆರ್ಡರ್ ಬಿಟ್ಟು ಹೋಗಿದ್ದೆ. ಓರಗಿತ್ತಿ ‘ಅಕ್ಕಾ, ದೇವರೇ ಬೇಡ ಅಂದಿದ್ದಾನೆ’ ಅಂದಳು. ಅತ್ತೆ ‘ಹೊಟ್ಟೆ ಕೊಯ್ಸಿಕೊಳ್ಳೋ ಬದಲು ಬಾಯಿ ಕಟ್ಟಿದ್ರೆ ಆಗಲ್ವಾ’ ಅಂದರು. ಹತ್ತು ವರ್ಷದಿಂದ ಬಾಯಿ ಕಟ್ಟಿ, ಬಿಚ್ಚಿ, ಕಟ್ಟಿ ಸಾಕಾಗಿದೆ ಅಂತ ಅವರಿಗೆ ಹೇಗೆ ಹೇಳೋದು?

ಆಮೇಲೆ ಒಬ್ಬೊಬ್ಬರು ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಸಮ್ಮೋಹನದಿಂದ ಧೈರ್ಯ ತುಂಬುತ್ತೇವೆ ಅನ್ನೋ ಒಂದು ಕ್ಲಾಸಿಗೆ ಆರು ಸಾವಿರ ಕೊಟ್ಟೆ. ಅಲ್ಲಿ ಸೊಗಸಾದ ನಿದ್ದೆ ಬಂತು, ಅಷ್ಟೇ. ಮನೆಗೆ ಬಂದರೆ ಭಯ ಬಾಗಿಲಲ್ಲೇ ಕಾದಿತ್ತು. ಆಪರೇಷನ್ ವಿಡಿಯೋ ನೋಡಿ ಅಭ್ಯಾಸ ಮಾಡ್ಕೋ ಅಂದರು. ನೋಡಿದೆ, ಎರಡು ದಿನ ಊಟ ಸೇರಲಿಲ್ಲ. ನಮ್ಮನೆಯವರ ಗೆಳೆಯರೊಬ್ಬರು ಅರ್ಧ ನಿದ್ದೆ ಮಾತ್ರೆ ಕೊಟ್ಟರು. ಅದನ್ನು ಮಾತ್ರ ನುಂಗದೆ ಡಾಕ್ಟರನ್ನು ಕೇಳಿದೆ. ಆಪ್ನಿಯಾ ಇದ್ದವರು ಅಂಥ ಮಾತ್ರೆ ತಾವಾಗಿ ತಗೊಂಡರೆ ನಿದ್ದೆಯಲ್ಲಿ ಉಸಿರು ಇನ್ನಷ್ಟು ಕಟ್ಟುತ್ತೆ ಅಂದರು. ಇದನ್ನು ದಯವಿಟ್ಟು ನೆನಪಿಡಿ.

ಎಲ್ಲಕ್ಕಿಂತ ಕೆಟ್ಟದ್ದು ‘ಏನೂ ಆಗಲ್ಲ ಬಿಡು’ ಅನ್ನೋ ಸಮಾಧಾನ. ಅದರ ಬೆನ್ನಿಗೇ ಒಂದು ಕಥೆ ಬರುತ್ತೆ. ಗಡ್ಕರಿಯವರು 2011ರಲ್ಲಿ ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡ್ರು, ಆರಾಮಾಗಿ ಓಡಾಡ್ತಿದ್ದಾರೆ ಅಂತ ಒಬ್ಬರು. ಜೇಟ್ಲಿಯವರು 2014ರಲ್ಲಿ ಮಾಡಿಸ್ಕೊಂಡು ಮತ್ತೆ ಆಸ್ಪತ್ರೆ ಸೇರಲಿಲ್ವಾ ಅಂತ ಇನ್ನೊಬ್ಬರು. 2022ರಲ್ಲಿ ಬೆಂಗಳೂರಲ್ಲಿ ಕಿರುತೆರೆ ನಟಿಯೊಬ್ಬರು ಕೊಬ್ಬು ತೆಗೆಸೋಕೆ ಹೋಗಿ ತೀರಿಕೊಂಡದ್ದನ್ನಂತೂ ಎಲ್ಲರೂ ನನಗೇ ಹೇಳಿದರು. ಅದು ಬೇರೆ ಚಿಕಿತ್ಸೆ, ಚರ್ಮದ ಕೆಳಗಿನ ಕೊಬ್ಬು ತೆಗೆಯೋದು, ಇದು ಹೊಟ್ಟೆಯ ಆಪರೇಷನ್ ಅಂತ ವಿವರಿಸಿ ವಿವರಿಸಿ ನನ್ನ ಬಾಯಿ ಒಣಗಿತು.

ಪುಸ್ತಕದ ಯೋಚನೆ ಬಂದದ್ದು ಆಸ್ಪತ್ರೆಯ ಕೌನ್ಸೆಲರ್ ಕೊಟ್ಟ ಒಂದು ಹಾಳೆಯಿಂದ. ಒಂದು ಸಲಕ್ಕೆ ಸಾವಿರದ ಇನ್ನೂರೋ ಏನೋ ಫೀಸು. ಕೊಟ್ಟದ್ದಕ್ಕೆ ಸಿಕ್ಕಿದ್ದು ಆರು ಪ್ರಶ್ನೆ. ನೆದರ್‌ಲ್ಯಾಂಡ್ಸ್‌ನ ಡಾಕ್ಟರುಗಳು 1996ರಲ್ಲಿ ಮಾಡಿದ್ದಂತೆ, ಆಮ್‌ಸ್ಟರ್‌ಡ್ಯಾಮ್ ಪಟ್ಟಿ ಅಂತಾರೆ. ಅರಿವಳಿಕೆಯ ಚಿಂತೆ ಇದೆಯಾ, ಅದೇ ತಲೆಯಲ್ಲಿ ಸುತ್ತುತ್ತಾ, ಅದರ ಬಗ್ಗೆ ಎಲ್ಲ ತಿಳ್ಕೋಬೇಕು ಅನಿಸುತ್ತಾ. ಆಪರೇಷನ್ ಬಗ್ಗೆಯೂ ಇದೇ ಮೂರು. ಒಂದೊಂದಕ್ಕೆ 1ರಿಂದ 5 ಅಂಕ. ಭಯದ ನಾಲ್ಕು ಪ್ರಶ್ನೆಗೆ ನನ್ನದು 17ರ ಹತ್ತಿರ ಬಂತು. 11 ದಾಟಿದರೇ ಗಮನ ಕೊಡಬೇಕು ಅಂತಾರೆ.

ಅಂಕ ನನಗೆ ಮುಖ್ಯ ಅನಿಸಲಿಲ್ಲ. ಅರಿವಳಿಕೆ ಬೇರೆ, ಆಪರೇಷನ್ ಬೇರೆ ಅಂತ ಆ ಹಾಳೆ ಭಯವನ್ನು ಕತ್ತರಿಸಿಟ್ಟಿತ್ತಲ್ಲ, ಅದು ತಲೆಗೆ ಹತ್ತಿತು. ಅಂಗಡಿಯಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ ಇರೋ ಅಳತೆ ಪುಸ್ತಕ ಇಡ್ತೀನಿ. ಹೊಸದೊಂದು ತಂದು ಒಂದೊಂದು ಭಯಕ್ಕೆ ಒಂದೊಂದು ಪುಟ ಕೊಟ್ಟೆ. ಮೇಲೆ ಭಯ. ಅದರ ಕೆಳಗೆ, ಇದಕ್ಕೆ ಉತ್ತರ ಕೊಡಬೇಕಾದವರು ಯಾರು. ಕೊನೆಗೆ, ಅವರು ಹೇಳಿದ್ದು ಅವರದೇ ಮಾತಲ್ಲಿ. ಸರ್ಜನ್ ಉತ್ತರ ಕೊಡಬೇಕಾದ ಭಯವನ್ನು ಓರಗಿತ್ತಿ ಹತ್ತಿರ ಕೇಳುವ ಹಾಗಿಲ್ಲ. ದುಡ್ಡಿನ ಭಯವನ್ನು ಡಾಕ್ಟರ ಹತ್ತಿರ ಕೇಳುವ ಹಾಗಿಲ್ಲ. ಯಾರೂ ಉತ್ತರ ಕೊಡಲಾಗದ ಭಯ ಕೆಲವು ಇರುತ್ತವೆ. ಅವುಗಳ ಪುಟದಲ್ಲಿ ನಮ್ಮೂರ ದೇವತೆ ದುಗ್ಗಮ್ಮನ ಹೆಸರು ಬರೆದು, ಉಡಿ ತುಂಬಿಸಿ ಬಂದೆ.

ನಮ್ಮನೆಯವರು ನಕ್ಕಿದ್ದೇ ನಕ್ಕಿದ್ದು. ‘ಬರೆದಿಟ್ರೆ ಭಯ ಹೋಗೋ ಹಾಗಿದ್ರೆ ಸಾಲ ಬರೆದಿಟ್ಟವರೆಲ್ಲ ನಿಶ್ಚಿಂತೆಯಿಂದ ಮಲಗ್ತಿದ್ರು’ ಅಂದರು.

ನನ್ನ ಪುಸ್ತಕದಲ್ಲಿ ದಪ್ಪ ಪುಟ ಅಂದರೆ ಲೀಕ್. ಇಪ್ಪತ್ತು ವರ್ಷ ಹೊಲಿಗೆ ಬಿಚ್ಚೋದನ್ನು ನೋಡಿದವಳಿಗೆ ಇದಕ್ಕಿಂತ ದೊಡ್ಡ ಭಯ ಯಾವುದಿದೆ? ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ಉದ್ದಕ್ಕೂ ಪಿನ್ ಹೊಡೀತಾರೆ. ಒಂದು ಪಿನ್ ಬಿಟ್ಟರೆ? ಸರ್ಜನ್ ಹತ್ತಿರ ಸುಮ್ನೆ ‘ಲೀಕ್ ಆಗುತ್ತಾ’ ಅಂತ ಕೇಳಲಿಲ್ಲ. ಎಷ್ಟು ಸಾಲು ಪಿನ್ನು, ಹೊಡೆದ ಮೇಲೆ ಹೇಗೆ ಪರೀಕ್ಷೆ ಮಾಡ್ತೀರಿ, ಬಿಟ್ಟರೆ ಮೊದಲು ಏನು ಗೊತ್ತಾಗುತ್ತೆ ಅಂತ ಕೇಳಿದೆ. ಕತ್ತರಿಸಿದ ಗೆರೆಯ ಒಂದೊಂದು ಬದಿಗೂ ಮೂರು ಸಾಲು ಅಂದರು. ನಾನು ಬ್ಲೌಸಿನ ಪಕ್ಕಕ್ಕೆ ಎರಡು ಹೊಲಿಗೆ ಹಾಕಿ ಗಟ್ಟಿ ಅಂತೀನಿ, ಇವರು ಮೂರು ಹಾಕ್ತಾರೆ! ಒಳಗೆ 36 ಫ್ರೆಂಚ್‌ನ ಟ್ಯೂಬ್ ಇಟ್ಟು ಅದರ ಅಳತೆಗೆ ಕತ್ತರಿಸೋದಂತೆ, ಅಂದರೆ 12 ಮಿಲಿಮೀಟರ್ ದಪ್ಪ. ಮುಗಿಸೋ ಮುಂಚೆ ನೀಲಿ ನೀರು ತುಂಬಿಸಿ ಎಲ್ಲಾದರೂ ಜಿನುಗುತ್ತಾ ನೋಡ್ತಾರಂತೆ. ಲೀಕ್ ನೂರಕ್ಕೆ ಒಬ್ಬರಿಗೋ ಇಬ್ಬರಿಗೋ. ಲೀಕ್ ಆಗಿಬಿಟ್ಟರೆ ಎದೆಬಡಿತ ಏರಿ ನಿಲ್ಲುತ್ತೆ, ಜ್ವರ ಬರುತ್ತೆ, ಹಾಗಾದರೆ ತಕ್ಷಣ ಬರಬೇಕು. ಜೀವಕ್ಕೇ ಅಪಾಯ ಎಷ್ಟು ಅಂದಿದ್ದಕ್ಕೆ ಪಿತ್ತಕೋಶ ತೆಗೆಯೋ ಆಪರೇಷನ್ನಿನ ಆಸುಪಾಸು ಅಂದರು. ನಮ್ಮತ್ತೆಗೆ ಅದು ಆಗಿತ್ತು, ಗಟ್ಟಿಮುಟ್ಟಾಗಿ ನನ್ನನ್ನು ಬೈತಿದ್ದರು. ಆ ರಾತ್ರಿ ಬೆಳಗಿನವರೆಗೆ ನಿದ್ದೆ ಮಾಡಿದೆ.

ಇಷ್ಟು ಹೊತ್ತು ಡಾಕ್ಟರನ್ನು ಕೂರಿಸಿ ಮಾತಾಡಿಸಿದ್ದು ಹೇಗೆ ಅಂತ ಎಲ್ಲರೂ ಕೇಳ್ತಾರೆ. ಅದಕ್ಕೊಂದು ಉಪಾಯ ಇದೆ. ಇಲ್ಲಿ ಬರೆದರೆ ನಾಳೆಯಿಂದ ಅದು ಯಾರಿಗೂ ನಡೆಯಲ್ಲ, ಹಾಗಾಗಿ ಬಿಟ್ಟಿದ್ದೀನಿ.

ಎರಡನೇ ದಪ್ಪ ಪುಟ ಮಾಸ್ಕಿನದು. ಅಂಗಾತ ಮಲಗಿದರೆ ನನಗೆ ಉಸಿರು ಕಟ್ಟುತ್ತೆ. ಹಾಗೆ ಮಲಗಿಸಿ ಮುಖದ ಮೇಲೆ ಮಾಸ್ಕ್ ಒತ್ತಿದರೆ ಸತ್ತೇ ಹೋಗ್ತೀನಿ ಅನ್ನೋದು ಭಯ. ಮೊದಲ ಸಲ ಬಿಪಿ ಏರಿಸಿದ್ದು ಇದೇ ಅಂತ ನನ್ನ ಲೆಕ್ಕ. ಅರಿವಳಿಕೆ ಡಾಕ್ಟರು ಒಂದೇ ಮಾತಲ್ಲಿ ಅರ್ಧ ಪುಟ ಮುಗಿಸಿದರು: ‘ನಿಮ್ಮನ್ನ ಚಪ್ಪಟೆ ಮಲಗಿಸಲ್ಲಮ್ಮ, ಬೆನ್ನು ತಲೆ ಎತ್ತರಕ್ಕೆ ಇಡ್ತೀವಿ.’ ತೂಕ ಜಾಸ್ತಿ ಇದ್ದವರಿಗೆಲ್ಲ ಹಾಗೇ ಅಂತೆ. ಮಾಸ್ಕ್ ಇಡೋದು ಮೂರ್ನಾಲ್ಕು ನಿಮಿಷ, ಬರೀ ಆಮ್ಲಜನಕ ತುಂಬಿಸೋಕೆ, ನಿದ್ದೆ ಔಷಧಿ ಕೈಯಿನ ನರದಲ್ಲಿ.

ಉಳಿದರ್ಧವನ್ನು ನಾನೇ ಮುಗಿಸಿದೆ. 2020ರಲ್ಲಿ ಬಟ್ಟೆ ಮಾಸ್ಕು ರಾಶಿ ಹೊಲಿದಿದ್ದೆ, ಒಂದಷ್ಟು ಮೂಲೆಯಲ್ಲಿ ಬಿದ್ದಿದ್ದವು. ಮೊದಲು ಕುರ್ಚಿಯಲ್ಲಿ ಕೂತು ಒಂದು ನಿಮಿಷ. ಆಮೇಲೆ ಮೂರು ದಿಂಬಿಗೆ ಒರಗಿ. ಆಮೇಲೆ ತಲೆ ಮೇಲೆ ಟ್ಯೂಬ್‌ಲೈಟ್ ಹಾಕಿ. ಕೊನೆಗೆ ಮಗಳ ಕೈಯನ್ನು ಮಾಸ್ಕ್ ಮೇಲೆ ಮೆಲ್ಲಗೆ ಇಡಿಸಿ ಐದು ನಿಮಿಷ. ಭಯ ಏರುತ್ತೆ, ಆದರೆ ಕೈ ತೆಗೆಯದೆ ಇದ್ದರೆ ತಾನಾಗಿ ಇಳಿಯುತ್ತೆ. ಇಳಿಯೋ ತನಕ ಕಾಯೋದೇ ಇದರ ಗುಟ್ಟು. ಮಧ್ಯದಲ್ಲಿ ಕಿತ್ತು ಬಿಸಾಕಿದರೆ ನಾಳೆ ಭಯ ದುಪ್ಪಟ್ಟು. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಉಸಿರು ನಿಜಕ್ಕೂ ಕಟ್ಟಿದರೆ ಹಟ ಮಾಡಬೇಡಿ.

ಉಸಿರಾಟಕ್ಕೆ ಅಂತ ಆಸ್ಪತ್ರೆಯವರು ಮೂರು ಚೆಂಡಿನ ಸ್ಪೈರೋಮೀಟರ್ ಬರೆದಿದ್ದರು, ನಾಲ್ಕುನೂರರ ಒಳಗೆ ಸಿಕ್ಕಿತು. ಎಳೆದು ಚೆಂಡು ಏರಿಸಿದ ಮೇಲೆ ಉಸಿರು ಬಿಡೋದನ್ನು ಎಳೆದಷ್ಟರ ಎರಡರಷ್ಟು ನಿಧಾನ ಮಾಡಿದೆ. ಬಿಡುವಾಗ ಭ್ರಾಮರಿಯ ಹಾಗೆ ಮೂಗಲ್ಲಿ ಗುಂಯ್ ಅಂದೆ. ಇದು ಯಾರೂ ಹೇಳಿಕೊಟ್ಟದ್ದಲ್ಲ, ನನ್ನ ಪ್ರಯೋಗ. ಮನೆಯ ಬಿಪಿ ಮೆಷಿನ್ನಿನಲ್ಲಿ ಹತ್ತು ಹನ್ನೆರಡು ಪಾಯಿಂಟ್ ಇಳಿಯೋದು. ಹಾಡು ಕೇಳಿ ಅಂದರು, ಕೇಳಿದೆ, ಪದಗಳ ಹಿಂದೆ ಯೋಚನೆ ಓಡಿತು. ಆಮೇಲೆ ನನ್ನ ಹೊಲಿಗೆ ಮೆಷಿನ್ ಸದ್ದನ್ನೇ ಫೋನಲ್ಲಿ ಹಿಡಿದು ಇಯರ್‌ಫೋನಲ್ಲಿ ಹಾಕಿಕೊಂಡೆ. ನಗಬೇಡಿ, ಅದು ಕೆಲಸ ಮಾಡಿತು.

ಇನ್ನೊಂದು ಸಂಗತಿ ಶುಗರ್ ಇದ್ದವರಿಗೆ. ಎರಡನೇ ಸಲ ಆಪರೇಷನ್‌ಗೆ ಮುಂಚೆ ಲಿವರ್ ಕುಗ್ಗಿಸೋ ದ್ರವಾಹಾರ ಶುರುವಾದ ಮೇಲೆ ಒಂದು ಮಧ್ಯಾಹ್ನ ಕೈ ನಡುಕ, ಬೆವರು, ಎದೆ ಢವಢವ. ಬಂತಪ್ಪ ಭಯ ಅಂತ ಪುಸ್ತಕ ತೆಗೆದೆ. ಮಗಳು ಸುಮ್ನೆ ಗ್ಲೂಕೋಮೀಟರ್ ಚುಚ್ಚಿದಳು. 60ರ ಚಿಲ್ಲರೆ! ತಿನ್ನೋದು ದಿನಕ್ಕೆ 800, 900 ಕ್ಯಾಲೊರಿಗೆ ಇಳಿದಿತ್ತು, ಶುಗರ್ ಇಳಿಸೋ ಗ್ಲಿಮೆಪಿರೈಡ್ ಮಾತ್ರೆ ಮಾತ್ರ ಹಳೇ ಲೆಕ್ಕದಲ್ಲೇ ನಡೀತಿತ್ತು. ಸಕ್ಕರೆ ನೀರು ಕುಡಿದ ಕಾಲು ಗಂಟೆಗೆ ಭಯವೆಲ್ಲ ಮಾಯ. ಡಾಕ್ಟರಿಗೆ ಫೋನ್ ಮಾಡಿದೆ, ಮಾತ್ರೆ ಇಳಿಸಿದರು. ಟೀ ಬಿಟ್ಟ ಮೊದಲ ಎರಡು ಮೂರು ದಿನದ ತಲೆನೋವು, ಸಿಡುಕು ಕೂಡ ಹಾಗೇ. ಎಲ್ಲ ನಡುಕವೂ ಮನಸ್ಸಿನದಲ್ಲ. ಮೊದಲು ಶುಗರ್ ನೋಡಿ, ಆಮೇಲೆ ಪುಸ್ತಕ ತೆಗೀರಿ.

ಪುಸ್ತಕಕ್ಕೊಂದು ಹೊತ್ತು ಇಟ್ಟಿದ್ದೆ. ಸಂಜೆ ಮೆಷಿನ್ ಮುಚ್ಚಿದ ಮೇಲೆ ಅರ್ಧ ಗಂಟೆ. ಬೇರೆ ಹೊತ್ತಲ್ಲಿ ಭಯ ಬಂದರೆ ಎರಡು ಪದ ಗೀಚಿ ‘ಸಂಜೆ ಬಾ’ ಅಂತಿದ್ದೆ. ತಗಾದೆ ಮಾಡೋ ಗಿರಾಕಿಗಳಿಗೆ ಹೇಳಿ ಅಭ್ಯಾಸ ಇತ್ತು. ಮೊದಲ ವಾರ ಇದು ಕೆಲಸ ಮಾಡಲೇ ಇಲ್ಲ. ಎರಡನೇ ವಾರದಿಂದ ಸಂಜೆ ಕೂತಾಗ ಬರೆಯೋಕೇ ಏನೂ ಇರ್ತಿರಲಿಲ್ಲ.

ಬೆಣ್ಣೆ ದೋಸೆಗೂ ಒಂದು ಪುಟ ಇತ್ತು. ಇನ್ನು ಜೀವನದಲ್ಲಿ ತಿನ್ನೋಕಾಗಲ್ಲ ಅನ್ನೋ ಸಂಕಟ ಸಾವಿನ ಭಯಕ್ಕಿಂತ ಏನೂ ಕಮ್ಮಿ ಇರಲಿಲ್ಲ, ಹೇಳೋಕೆ ನಾಚಿಕೆ ಅಷ್ಟೆ. ಕೊನೇ ಸಲ ಅಂತ ದಿನಾ ಹೋಗಿ ತಿನ್ನೋರನ್ನು ನೋಡಿದ್ದೀನಿ. ಆಹಾರ ತಜ್ಞೆಯನ್ನು ಕೇಳಿದೆ. ಕೆಲವು ತಿಂಗಳಾದ ಮೇಲೆ ಅರ್ಧ ದೋಸೆ, ಬೆಣ್ಣೆ ಕಮ್ಮಿ, ಆದರೆ ಪ್ರೋಟೀನ್ ಮೊದಲು ಅಂದರು. ಅರ್ಧ ದೋಸೆ ಇದೆ ಅಂತ ಗೊತ್ತಾದ ಮೇಲೆ ಪುಟ ಮುಚ್ಚಿತು.

ದುಡ್ಡಿನ ಪುಟ ಮುಚ್ಚೋದು ಕಷ್ಟವಾಯ್ತು. ಒಟ್ಟು ಮೂರೂವರೆ ಲಕ್ಷದ ಹತ್ತಿರ, ಅದರಲ್ಲಿ ಪಿನ್ ಹೊಡೆಯೋ ಸ್ಟೇಪ್ಲರ್ ಕಾರ್ಟ್ರಿಜ್‌ಗಳದ್ದೇ ದೊಡ್ಡ ಪಾಲು. ಬಿಎಂಐ 40 ದಾಟಿದ್ದರಿಂದ ವಿಮೆಯವರು ತಕರಾರು ಮಾಡುವ ಹಾಗಿರಲಿಲ್ಲ. ಆದರೆ ನನ್ನ ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ ಐದು ಸಾವಿರದ ಮಿತಿ ಇತ್ತು. ಅದಕ್ಕಿಂತ ದುಬಾರಿ ರೂಮು ತಗೊಂಡರೆ ಬಾಡಿಗೆ ಒಂದೇ ಅಲ್ಲ, ಡಾಕ್ಟರ್ ಫೀಸಿನಲ್ಲೂ ಅದೇ ಲೆಕ್ಕಕ್ಕೆ ಕಡಿತ. ಹಾಗಾಗಿ ಎರಡನೇ ಸಲ ಇಬ್ಬರ ರೂಮು ಹಿಡಿದೆ. ಪಕ್ಕದ ಹಾಸಿಗೆಯಲ್ಲಿ ಹಾಸನದ ಒಬ್ಬ ಅಕ್ಕ. ಅವರಿಗೆ ಹಿಂದಿನ ದಿನ ಇದೇ ಆಪರೇಷನ್ ಆಗಿತ್ತು. ಡ್ರಿಪ್ ಸ್ಟ್ಯಾಂಡ್ ತಳ್ಳಿಕೊಂಡು ಅವರು ನಡೆಯೋದನ್ನು ನೋಡಿದ್ದು ನನಗೆ ಆರು ಸಾವಿರದ ಕ್ಲಾಸಿಗಿಂತ ಹೆಚ್ಚು ಕೊಟ್ಟಿತು.

ಆ ಬೆಳಿಗ್ಗೆ ಭಯ ಇರಲಿಲ್ಲ ಅಂದರೆ ಸುಳ್ಳು. ಕೈ ತಣ್ಣಗಿತ್ತು. ಆದರೆ ಬೆನ್ನು ಎತ್ತರಕ್ಕಿಟ್ಟರು, ಅಂದ ಹಾಗೇ. ಮಾಸ್ಕ್ ಇಟ್ಟರು, ಅಂದ ಹಾಗೇ. ‘ಮೊದಲ ಸಲ ಬಿಪಿ ಏರಿ ವಾಪಸ್ ಹೋದೋರು ನೀವೇನಾ’ ಅಂತ ಡಾಕ್ಟರು ಕೇಳಿದ್ದು ನೆನಪಿದೆ, ಉತ್ತರ ಕೊಟ್ಟದ್ದು ನೆನಪಿಲ್ಲ.

ಇದು ಎಲ್ಲರಿಗೂ ಹಿಡಿಸಲ್ಲ. ನನ್ನ ಜೊತೆ ಹೆಸರು ಬರೆಸಿದ್ದ ಚಿತ್ರದುರ್ಗದ ಗೆಳತಿಗೆ ಪುಸ್ತಕ ಮಾಡಿಸಿದೆ, ಅವಳ ಭಯ ಜಾಸ್ತಿಯೇ ಆಯ್ತು. ಆರು ಪ್ರಶ್ನೆಯಲ್ಲಿ ‘ಎಲ್ಲ ತಿಳ್ಕೋಬೇಕು’ ಅನ್ನೋ ಎರಡಕ್ಕೆ ಅವಳು ಒಂದೊಂದೇ ಅಂಕ ಕೊಟ್ಟಿದ್ದಳು. ಅಂಥವರಿಗೆ ವಿವರ ಹೇಳಬಾರದು, ಕೈ ಹಿಡ್ಕೊಂಡು ಕೂತರೆ ಸಾಕು. ಅವಳ ಪುಸ್ತಕ ನಾನೇ ಇಟ್ಕೊಂಡು, ಅವಳ ಪರವಾಗಿ ಡಾಕ್ಟರನ್ನು ಕೇಳಿ ಬಂದೆ. ಅವಳಿಗೆ ಹೇಳಿದ್ದು ‘ಎಲ್ಲ ಕೇಳಿದ್ದೀನಿ’ ಅಂತ ಮಾತ್ರ. ಅವಳದೂ ಆಯ್ತು, ಆರಾಮಾಗಿದ್ದಾಳೆ.

ನನ್ನ ಪುಸ್ತಕದಲ್ಲಿ ಇಲ್ಲದೇ ಹೋದದ್ದು ಭುಜದ ನೋವು. ಆಪರೇಷನ್ ಮಾಡೋಕೆ ಅಂತ ಹೊಟ್ಟೆಗೆ ತುಂಬಿದ ಗ್ಯಾಸಿನ ಉಳಿಕೆ ಅದು. ಹೊಲಿಗೆಗಿಂತ ಅದೇ ಎರಡು ದಿನ ಕಾಡಿತು. ನಡೆದಷ್ಟೂ ಬೇಗ ಹೋಗುತ್ತೆ, ಬರೆದುಕೊಳ್ಳಿ.