ಅಮ್ಮನ ಬಸ್ ರೂಟನ್ನು ಸ್ಟಾಪ್ ಸ್ಟಾಪಾಗಿ ಬರೆದಿಡುವುದು ಹೇಗೆ

ನಮ್ಮ ತಂದೆ ಮೂವತ್ತು ವರ್ಷ ಬೆಂಗಳೂರಿನ ಬಿಟಿಎಸ್ (ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್) ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬಂದವರು. 2019ರಲ್ಲಿ ತೀರಿಕೊಂಡರು. ಯಾವ ಸ್ಟಾಪಿನಲ್ಲಿ ಹತ್ತುತ್ತಿದ್ದರು, ಯಾರ ಜೊತೆ ಮಾತಾಡುತ್ತಿದ್ದರು, ಕಿಟಕಿಯಿಂದ ಏನು ಕಾಣುತ್ತಿತ್ತು, ಒಂದನ್ನೂ ನಾನು ಕೇಳಿಟ್ಟುಕೊಳ್ಳಲಿಲ್ಲ. ಅದು ಇವತ್ತಿಗೂ ನನಗೆ ನೋವು. ಅಮ್ಮನ ವಿಷಯದಲ್ಲಿ ಹಾಗಾಗಬಾರದು ಅಂತ ಒಂದು ದಿನ ಇನ್ನೂರು ಪುಟದ ನೋಟ್‌ಬುಕ್ ತಂದೆ. ಅಮ್ಮ 1972ರಿಂದ 2006ರವರೆಗೆ ಜಯನಗರದಿಂದ ಮೈಸೂರ್ ಬ್ಯಾಂಕ್ ಹತ್ತಿರದ ಒಂದು ಕಚೇರಿಗೆ ಬಸ್ಸಿನಲ್ಲೇ ಓಡಾಡಿದವರು. ಆ ದಾರಿಯನ್ನು ಸ್ಟಾಪ್ ಸ್ಟಾಪಾಗಿ ಬರೆದಿಟ್ಟಿದ್ದೇನೆ. ನೀವೂ ನಿಮ್ಮ ಮನೆಯ ಹಿರಿಯರ ಜೊತೆ ಇದನ್ನು ಮಾಡಬೇಕು ಅನ್ನೋದು ನನ್ನ ಆಸೆ. ಹೇಗೆ ಅಂತ ಹೇಳ್ತೀನಿ.

ಮೊದಲು ಒಂದೇ ರೂಟು, ಒಬ್ಬರೇ ಮನುಷ್ಯರು ಅಂತ ಇಟ್ಟುಕೊಳ್ಳಿ. ಇಡೀ ಊರನ್ನು ಹಿಡಿಯೋಕೆ ಹೋದರೆ ಏನೂ ಸಿಗೋದಿಲ್ಲ. "ಅಮ್ಮಾ, ಹಳೇ ಬೆಂಗಳೂರು ಹೇಗಿತ್ತು?" ಅಂತ ನಾನೂ ಶುರುವಿನಲ್ಲಿ ಕೇಳಿದ್ದೆ. "ಚೆನ್ನಾಗಿತ್ತು ಕಣೇ, ಫ್ಯಾನ್ ಬೇಕಿರಲಿಲ್ಲ, ಮರಗಳಿದ್ದವು" ಅಂದರು. ಎಲ್ಲರ ಅಮ್ಮನೂ ಹೇಳುವ ಮಾತು ಅದು. ಮಾರನೇ ದಿನ "ಸೌತ್ ಎಂಡ್‌ನಲ್ಲಿ ಯಾರು ಹತ್ತುತ್ತಿದ್ದರು?" ಅಂತ ಕೇಳಿದೆ. ಅರ್ಧ ಗಂಟೆ ಮಾತಾಡಿದರು. ಹಾರ್ಮೋನಿಯಂ ಪೆಟ್ಟಿಗೆ ಹಿಡಿದು ಬರುತ್ತಿದ್ದ ಮೇಷ್ಟರು, ಆ ಪೆಟ್ಟಿಗೆಗೆ ಜಾಗ ಬಿಡುತ್ತಿದ್ದ ಕಂಡಕ್ಟರು, ಮಳೆ ಬಂದ ದಿನ ಎಲ್ಲರೂ ಸೇರಿ ಅದಕ್ಕೆ ಕೊಡೆ ಹಿಡಿದದ್ದು. ನೆನಪು ಸ್ಟಾಪಿಗೆ ಅಂಟಿಕೊಂಡಿರುತ್ತದೆ. ಸ್ಟಾಪಿನ ಹೆಸರು ಹೇಳಿದರೆ ಜೊತೆಗೆ ಅದೂ ಬರುತ್ತದೆ.

ಹಾಗಾಗಿ ಮನೆಯಲ್ಲೇ ಕೂತು ಒಂದು ಹಾಳೆಯಲ್ಲಿ ಸ್ಟಾಪುಗಳ ಹೆಸರು ಬರೆಸಿ. ಫೋನಿನ ನಕ್ಷೆ ಆಗ ಬೇಡವೇ ಬೇಡ. ಅವರು ಹೇಳಿದ ಕ್ರಮದಲ್ಲೇ, ಅವರು ಹೇಳಿದ ಹೆಸರಲ್ಲೇ ಬರೆಯಿರಿ. ನಡುವೆ ತಿದ್ದಬೇಡಿ. ಅಮ್ಮನ ಪಟ್ಟಿ ಫೋರ್ತ್ ಬ್ಲಾಕ್, ಸೌತ್ ಎಂಡ್, ಲಾಲ್‌ಬಾಗ್ ವೆಸ್ಟ್ ಗೇಟ್, ಮಿನರ್ವ, ಟೌನ್ ಹಾಲ್, ಕಾರ್ಪೊರೇಶನ್, ಮೈಸೂರ್ ಬ್ಯಾಂಕ್ ಅಂತ ಹೋಯಿತು. ನಡುವಿನ ಎರಡು ಸ್ಟಾಪು ಬಿಟ್ಟುಹೋಗಿದ್ದವು. ಖಾಲಿ ಗೆರೆ ಬಿಟ್ಟು ಮುಂದೆ ಹೋದೆ. ವಾರ ಕಳೆದ ಮೇಲೆ ಒಗ್ಗರಣೆ ಹಾಕುತ್ತಾ ಇದ್ದವರು ಅಲ್ಲಿಂದಲೇ ಒಂದು ಹೆಸರು ಕೂಗಿ ಹೇಳಿದರು.

ಈ ಹೆಸರುಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಊರು ಬದಲಾದದ್ದು ಅಲ್ಲೇ ಚೆನ್ನಾಗಿ ಕಾಣೋದು. ಮಿನರ್ವ ಅನ್ನುವುದು ಒಂದು ಟಾಕೀಸಿನ ಹೆಸರು. ಟಾಕೀಸು ಹೋಯಿತು, ಸರ್ಕಲ್ಲಿಗೆ ಹೆಸರು ಉಳಿಯಿತು. ಮೆಜೆಸ್ಟಿಕ್ ಕೂಡ ಹಾಗೇ. ಆ ಬಸ್ ಸ್ಟ್ಯಾಂಡ್ ಇರುವ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಕೆರೆ ಹೋಗಿ ಬಸ್ ನಿಲ್ದಾಣ ಬಂತು, ಅದಕ್ಕೆ ಕೆಂಪೇಗೌಡರ ಹೆಸರಿಟ್ಟರು, ಜನ ಮಾತ್ರ ಪಕ್ಕದ ಟಾಕೀಸಿನ ಹೆಸರನ್ನೇ ಹೇಳುತ್ತಾ ಬಂದರು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಇವತ್ತಿಗೂ ಕಂಡಕ್ಟರ್ ಕೂಗುವುದು "ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್" ಅಂತಲೇ. ಮಾಗಡಿ ರಸ್ತೆಯ ಟೋಲ್‌ಗೇಟ್‌ನಲ್ಲಿ ಸುಂಕದ ಗೇಟಿಲ್ಲ, ಬಿನ್ನಿ ಮಿಲ್‌ನಲ್ಲಿ ಮಿಲ್ಲಿಲ್ಲ. ನಿಮ್ಮ ರೂಟಿನಲ್ಲೂ ಇಂಥದ್ದು ಒಂದೆರಡು ಖಂಡಿತ ಇರುತ್ತವೆ. ಪ್ರತಿ ಸ್ಟಾಪಿಗೂ ಎರಡು ಹೆಸರು ಬರೆಯಿರಿ: ಬೋರ್ಡಿನ ಹೆಸರು, ಬಾಯಿಮಾತಿನ ಹೆಸರು. ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ.

ಆಮೇಲೆ ಮನೆಯಲ್ಲಿ ಹುಡುಕಿ. ಟ್ರಂಕು, ಅಟ್ಟ, ದೇವರಮನೆ ಕಪಾಟು, ಹಳೇ ಡೈರಿ, ಯಾವುದನ್ನೂ ಬಿಡಬೇಡಿ. ಹಳೇ ಪುಸ್ತಕಗಳಲ್ಲಿ ಗುರುತಿಗೆ ಅಂತ ಬಸ್ ಟಿಕೆಟ್ ಇಟ್ಟಿರುತ್ತಾರೆ. ನಮ್ಮಲ್ಲಿ ನಾಲ್ಕು ಸಿಕ್ಕವು. ತೆಳ್ಳನೆಯ ಕಾಗದ, ಒಂದೊಂದು ದರಕ್ಕೆ ಒಂದೊಂದು ಬಣ್ಣ, ಕಂಡಕ್ಟರ್ ಪಂಚ್ ಮಾಡಿದ ತೂತು. ಒಂದರ ಹಿಂದೆ ಪೆನ್ನಿನಲ್ಲಿ ಬರೆದ ಸಂಖ್ಯೆ ಇದೆ. ಚಿಲ್ಲರೆ ಇಲ್ಲದಾಗ ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಡುತ್ತಿದ್ದರಲ್ಲ, ಅದು. ಇಳಿಯುವಾಗ ಅಮ್ಮ ಕೇಳೋಕೆ ಮರೆತಿದ್ದಾರೆ, ಅಷ್ಟೇ.

ಟಿಕೆಟ್ಟಿಗೆ ಅಂಟು, ಸೆಲ್ಲೋಟೇಪು ಹಾಕಬೇಡಿ. ಎರಡು ಬಿಳಿ ಹಾಳೆ ನಡುವೆ ಇಡಿ ಸಾಕು. ಮೆಷಿನ್ ಬಂದ ಮೇಲಿನ ಟಿಕೆಟ್ಟಾದರೆ ಇವತ್ತೇ ಫೋಟೋ ತೆಗೆದುಕೊಳ್ಳಿ. ಅದರ ಅಕ್ಷರ ತಾನಾಗೇ ಮಾಸಿಹೋಗುತ್ತದೆ. ಲ್ಯಾಮಿನೇಟ್ ಅಂತೂ ಮಾಡಿಸಲೇಬೇಡಿ, ಶಾಖಕ್ಕೆ ಇಡೀ ಕಾಗದ ಕಪ್ಪಾಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಹಳೇ ಮದುವೆ ಕರೆಯೋಲೆಗಳು. ಛತ್ರದ ವಿಳಾಸದ ಕೆಳಗೆ ಸಣ್ಣ ಅಕ್ಷರದಲ್ಲಿ "ಬಸ್ ಮಾರ್ಗ" ಅಂತ ರೂಟ್ ನಂಬರು, ಇಳಿಯುವ ಸ್ಟಾಪು ಹಾಕಿಸುತ್ತಿದ್ದರು, ನೆನಪಿದೆಯಾ? ಆ ಪತ್ರಿಕೆಯಲ್ಲೇ ಮದುವೆಯ ತಾರೀಖೂ ಇರುತ್ತದೆ. ಅಂದರೆ ಆ ವರ್ಷ ಆ ನಂಬರಿನ ಬಸ್ಸು ಆ ಸ್ಟಾಪಿಗೆ ಬರುತ್ತಿತ್ತು ಅಂತ ಕೈಯಲ್ಲೇ ದಾಖಲೆ ಸಿಕ್ಕಂತೆ. ಅಜ್ಜಿ ಒಂದು ಕಬ್ಬಿಣದ ತಂತಿಗೆ ಎಲ್ಲ ಪತ್ರಿಕೆಗಳನ್ನೂ ಚುಚ್ಚಿ ಇಟ್ಟಿದ್ದರು. ಅವರಿಗೆ ಎಷ್ಟು ಕೈ ಮುಗಿದರೂ ಸಾಲದು.

ಫೋಟೋ ನೋಡುವಾಗ ಜನರ ಹಿಂದೆ ನೋಡಿ. ರಸ್ತೆ ಬದಿ ನಿಂತು ತೆಗೆಸಿದ ಪಟದಲ್ಲಿ ಬಸ್ಸು ಸಿಕ್ಕಿಹಾಕಿಕೊಂಡಿರುತ್ತದೆ. ಬೋರ್ಡಿನಲ್ಲಿ ಕನ್ನಡ ಅಂಕಿ ಇದ್ದರೆ ನಿಧಾನವಾಗಿ ಓದಿ, ೬ ಮತ್ತು ೯ ಸುಲಭವಾಗಿ ಅದಲುಬದಲಾಗುತ್ತವೆ. ಮೈಮೇಲೆ ಬಿಟಿಎಸ್ ಅಂತ ಇದ್ದರೆ ಹಳೆಯದು, ಬಿಎಂಟಿಸಿ ಅಂತ ಇದ್ದರೆ 1997ರ ಆಗಸ್ಟ್ 15ರ ಈಚಿನದು, ಬಿಟಿಎಸ್ ಹೋಗಿ ಬಿಎಂಟಿಸಿ ಬಂದದ್ದು ಆಗ. ಬಿಟಿಎಸ್ ಅಂದರೆ "ಬಿಟ್ರೆ ತಿರುಗಿ ಸಿಗಲ್ಲ" ಅಂತ ನಾವೆಲ್ಲ ಹೇಳುತ್ತಿದ್ದೆವಲ್ಲ. ಆ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಜನ ಆ ಬಸ್ಸನ್ನು ಪ್ರೀತಿಯಿಂದ ರೇಗಿಸುತ್ತಿದ್ದ ಮಾತು ಅದು.

ಈಗ ಬಸ್ ಹತ್ತುವ ಕೆಲಸ. ಇದನ್ನು ತಪ್ಪಿಸಬೇಡಿ. ಮನೆಯಲ್ಲಿ ಕೂತು ಎಷ್ಟು ಕೇಳಿದರೂ ಬಸ್ಸಿನಲ್ಲಿ ಬಂದಷ್ಟು ಬರೋದಿಲ್ಲ. ಬೆಳಿಗ್ಗೆ ಹನ್ನೊಂದರ ಮೇಲೆ, ಮಧ್ಯಾಹ್ನ ಮೂರರ ಒಳಗೆ ಹೋಗಿ. ಸೀಟು ಸಿಗುತ್ತದೆ. ಅಮ್ಮ, ಅಜ್ಜಿ, ಅತ್ತೆ ಯಾರೇ ಇರಲಿ, ಕರ್ನಾಟಕದ ವಿಳಾಸವಿರುವ ಆಧಾರ್ ಕಾರ್ಡ್ ಇಟ್ಟುಕೊಳ್ಳಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಕೊಡುತ್ತಾರೆ. ಆ ಟಿಕೆಟ್ಟನ್ನೂ ತಾರೀಖು ಬರೆದು ಎತ್ತಿಡಿ. ಎಡಗಡೆ ಕಿಟಕಿ ಹಿಡಿಯಿರಿ, ಸ್ಟಾಪುಗಳೆಲ್ಲ ಆ ಕಡೆ.

ಮಾತು ರೆಕಾರ್ಡ್ ಮಾಡಿಕೊಳ್ಳಿ, ಆದರೆ ಮೊದಲೇ ಅವರಿಗೆ ಹೇಳಿ. ಇಯರ್‌ಫೋನಿನ ಮೈಕನ್ನು ಅವರ ಸೆರಗಿಗೆ ಪಿನ್ನು ಹಾಕಿ ಸಿಕ್ಕಿಸಿದರೆ ಇಂಜಿನ್ ಸದ್ದಿನಲ್ಲೂ ಮಾತು ಕೇಳುತ್ತದೆ. ಪ್ರತಿ ಸ್ಟಾಪು ಬಂದಾಗ ನೀವು ಜೋರಾಗಿ ಅದರ ಹೆಸರು ಹೇಳಿ. ಆಮೇಲೆ ಕೇಳುವಾಗ ಯಾವ ಮಾತು ಎಲ್ಲಿ ಬಂತು ಅಂತ ಗೊತ್ತಾಗಬೇಕಲ್ವಾ? ಮೊದಲ ಸಲ ನಾನು ಇದನ್ನು ಮಾಡದೆ ಒಂದು ಗಂಟೆಯ ರೆಕಾರ್ಡಿಂಗ್ ಕಲಸುಮೇಲೋಗರವಾಯಿತು. ಹೋಗುವಾಗ, ಬರುವಾಗ ಎರಡೂ ಕಡೆ ಬಸ್ಸಲ್ಲೇ ಬನ್ನಿ. ಒನ್ ವೇ ಬಂದು ಹೋಗೋ ದಾರಿ ಬೇರೆ, ಬರೋ ದಾರಿ ಬೇರೆ ಆಗಿರುತ್ತದೆ.

ಏನು ಕೇಳಬೇಕು? ಕೈಗೆ, ಮೂಗಿಗೆ, ಕಿವಿಗೆ ಸಿಗುವುದನ್ನು ಕೇಳಿ. ಊಟದ ಡಬ್ಬಿ ಎಲ್ಲಿ ಇಡುತ್ತಿದ್ದಿರಿ? ಇಲ್ಲಿ ಯಾವ ವಾಸನೆ ಬರುತ್ತಿತ್ತು? ಕಂಡಕ್ಟರ್ ಏನು ಕೂಗುತ್ತಿದ್ದರು? "ಹೋಲ್ಡಾನ್" ಅಂತ ಅಮ್ಮ ಬಸ್ಸಿನಲ್ಲೇ ಕೂಗಿ ತೋರಿಸಿದರು. ಮುಂದಿನ ಸೀಟಿನ ಕಾಲೇಜು ಹುಡುಗಿ ತಿರುಗಿ ನಕ್ಕಳು. ಅವಳೂ ಕೇಳುತ್ತಾ ಕೂತಳು.

ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಆರ್.ವಿ. ರಸ್ತೆಗೆ ಬಂದಾಗ ಅಮ್ಮ ಮೇಲೆ ನೋಡಿದರು. ತಲೆ ಮೇಲೆ ಮೆಟ್ರೊ ಹಳಿ. 2017ರ ಜೂನ್‌ನಲ್ಲಿ ಇಲ್ಲಿ ರೈಲು ಓಡಲು ಶುರುವಾದಾಗ ನಾವಿಬ್ಬರೂ ಸಂತೋಷವಾಗಿ ಹೋಗಿ ಬಂದಿದ್ದೆವು. ಆದರೆ ಕೆಳಗಿನಿಂದ, ಬಸ್ಸಿನ ಕಿಟಕಿಯಿಂದ, ಆ ಕಂಬಗಳನ್ನು ಅವರು ಹಾಗೆ ನೋಡಿರಲಿಲ್ಲ ಅನಿಸುತ್ತದೆ. ಎರಡು ಸ್ಟಾಪು ಏನೂ ಹೇಳಲಿಲ್ಲ. "ಇಲ್ಲಿ ಬಿಸಿಲೇ ಬೀಳ್ತಿರಲಿಲ್ಲ" ಅಂತ ಆಮೇಲೆ ಅಂದರು. ರೆಕಾರ್ಡಿಂಗ್‌ನಲ್ಲಿ ಆ ಮೌನವೂ ಇದೆ. ಅದನ್ನು ಕತ್ತರಿಸಬೇಡಿ.

ಬರೆಯುವಾಗ ಅವರ ಮಾತನ್ನು ಹಾಗೇ ಇಡಿ, ಪುಸ್ತಕದ ಭಾಷೆ ಮಾಡಬೇಡಿ. ವರ್ಷ ಗೊತ್ತಿಲ್ಲದಿದ್ದರೆ ಮನೆಯ ಘಟನೆಗೆ ಕಟ್ಟಿ: ನಾನು ಹುಟ್ಟೋಕೆ ಮುಂಚೆಯಾ, ತಮ್ಮನ ಮುಂಜಿ ಆದಮೇಲಾ, ಮೈಸೂರು ರಾಜ್ಯ ಕರ್ನಾಟಕ ಆಗೋಕೆ ಮೊದಲಾ? ಕೊನೆಯದು ಅಂದರೆ 1973ರ ನವೆಂಬರ್. ಅಮ್ಮ ಕೆಲಸಕ್ಕೆ ಸೇರಿದ ಮಾರನೇ ವರ್ಷ. ಹೀಗೆ ಒಂದೊಂದೇ ಗಂಟು ಹಾಕುತ್ತಾ ಹೋದರೆ ಕಾಲ ಒಂದು ಸಾಲಿಗೆ ಬರುತ್ತದೆ.

ಇಬ್ಬರ ನೆನಪು ಬೇರೆ ಬೇರೆ ಹೇಳಿದರೆ? ಎರಡನ್ನೂ ಬರೆಯಿರಿ. ಇದು ನನಗೆ ಬಸ್ ಆಂಟಿಯಿಂದ ಗೊತ್ತಾಯಿತು. ಅವರು ಅಮ್ಮನಿಗೆ ಸಿಕ್ಕಿದ್ದೇ ಬಸ್ಸಿನಲ್ಲಿ. ಎಪ್ಪತ್ತರ ದಶಕದ ಒಂದು ಬೆಳಿಗ್ಗೆ ಮೈಸೂರ್ ಬ್ಯಾಂಕ್‌ನಲ್ಲಿ ಮೂರು ಜನ ಹೆಂಗಸರು ಇಳಿದರು. ಮೂವರಿಗೂ ಬಾಕಿ ಬರಬೇಕು, ಕಂಡಕ್ಟರ್ ಹತ್ತಿರ ಚಿಲ್ಲರೆ ಇಲ್ಲ. ಮೂವರಿಗೂ ಸೇರಿ ಒಂದೇ ನೋಟು ಕೊಟ್ಟು "ನೀವೇ ಹಂಚ್ಕೊಳ್ರಮ್ಮ" ಅಂದು ರೈಟ್ ಕೊಟ್ಟರು. ಮುರಿಸೋಕೆ ಅಂತ ಮೂವರೂ ಹೋಟೆಲಿಗೆ ಹೋಗಿ ಕಾಫಿ ಕುಡಿದರು. ಪರಿಚಯವಾಯಿತು. ಮಾರನೇ ದಿನದಿಂದ ಒಬ್ಬರಿಗೊಬ್ಬರು ಸೀಟು ಹಿಡಿದರು. ಒಬ್ಬರು ವರ್ಗವಾಗಿ ಹೋದರು, ಇನ್ನೊಬ್ಬರು ಇಂದಿಗೂ ಹಬ್ಬಕ್ಕೆ ನಮ್ಮನೆಗೆ ಬರುತ್ತಾರೆ. ಚಿಕ್ಕವಳಿದ್ದಾಗಿನಿಂದ ನಾನು ಅವರನ್ನು ಬಸ್ ಆಂಟಿ ಅಂತಲೇ ಕರೆಯೋದು.

ಬರೆದು ಮುಗಿಸಿದ ಮೇಲೆ ಒಂದು ಜೆರಾಕ್ಸ್ ಪ್ರತಿಯನ್ನು ಇನ್ನೊಬ್ಬ ಪ್ರಯಾಣಿಕರಿಗೆ ಕೊಟ್ಟು ಓದಿಸಿ, ಪಕ್ಕದಲ್ಲಿ ಅಗಲವಾಗಿ ಮಾರ್ಜಿನ್ ಬಿಟ್ಟಿರಿ, ಜೊತೆಗೆ ಪೆನ್ಸಿಲ್ ಕೊಡಿ. ನಾನು ಬಸ್ ಆಂಟಿಗೆ ಕೊಟ್ಟೆ. ಹದಿನೈದು ದಿನ ಇಟ್ಟುಕೊಂಡು ಯುಗಾದಿ ದಿನ ವಾಪಸ್ ತಂದರು. ತಮ್ಮ ಸ್ಟಾಪುಗಳನ್ನೆಲ್ಲ ಸೇರಿಸಿದ್ದರು. ಅಮ್ಮ ನೆನಪಿದೆ ಅಂದ ಡಬಲ್ ಡೆಕರ್ ಪಕ್ಕದಲ್ಲಿ "ನಮ್ಮ ರೂಟಿಗೆ ಬರುತ್ತಿರಲಿಲ್ಲ" ಅಂತ ಬರೆದಿದ್ದರು. ಕಂಡಕ್ಟರ್ ಕೊಟ್ಟದ್ದು ಎರಡು ರೂಪಾಯಿ ನೋಟು ಅಂತ ಅಮ್ಮ ಹೇಳಿದ್ದನ್ನು ನಾನು ಬರೆದಿದ್ದೆ, ಅದರ ಕೆಳಗೆ ಗೆರೆ ಎಳೆದು ದುಂಡು ಅಕ್ಷರದಲ್ಲಿ ಬರೆದಿದ್ದರು: "ಐದು ರೂಪಾಯಿ. ನನ್ನ ಕೈಗೇ ಕೊಟ್ಟಿದ್ದು."